ಕಂಪ್ಯೂಟರ್ ಆಫ್ ಮಾಡಬೇಕೋ, ಸ್ಲೀಪ್‌ನಲ್ಲಿ ಇಡಬೇಕೋ? ಕರೆಂಟ್ ಉಳಿತಾಯದ ಬಗ್ಗೆ ಹರಿದಾಡುವ ಮಾತುಗಳು ಮತ್ತು ವಾಸ್ತವ

“ಕಂಪ್ಯೂಟರ್ ಪದೇ ಪದೇ ಆಫ್ ಮಾಡಬೇಡಿ, ಆನ್ ಮಾಡುವಾಗಲೇ ಜಾಸ್ತಿ ಕರೆಂಟ್ ಎಳೆಯುತ್ತದೆ.” “ಸ್ಕ್ರೀನ್ ಸೇವರ್ ಹಾಕಿದರೆ ವಿದ್ಯುತ್ ಉಳಿಯುತ್ತದೆ.” “ಕಪ್ಪು ವಾಲ್‌ಪೇಪರ್ ಇಟ್ಟರೆ ಬಿಲ್ ಕಡಿಮೆ ಬರುತ್ತದೆ.” ಇಂಥ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತವೆ. ಕೆಲವನ್ನು ನಮ್ಮ ಮನೆಯ ಹಿರಿಯರಿಂದ ಕೇಳಿರುತ್ತೇವೆ, ಕೆಲವನ್ನು ಕಂಪ್ಯೂಟರ್ ರಿಪೇರಿ ಮಾಡುವವರಿಂದ. ಇವುಗಳಲ್ಲಿ ನಿಜ ಎಷ್ಟು? ಮನೆಯ ಕಂಪ್ಯೂಟರ್‌ನಲ್ಲಿ ಯಾವ ಸೆಟ್ಟಿಂಗ್ ಬದಲಿಸಿದರೆ ನಿಜವಾಗಿಯೂ ಪ್ರಯೋಜನವಿದೆ? ಒಂದೊಂದಾಗಿ ನೋಡೋಣ.

ಮೊದಲು ಲೆಕ್ಕ: ಸುಮ್ಮನೆ ಆನ್ ಇದ್ದರೆ ಎಷ್ಟು ಯೂನಿಟ್?

1000 ವ್ಯಾಟ್‌ನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಮನೆಗಳಲ್ಲಿ ಬಳಸುವ ಸಾಧಾರಣ ಡೆಸ್ಕ್‌ಟಾಪ್, ಮಾನಿಟರ್ ಸೇರಿ, ಯಾವ ಕೆಲಸವೂ ಇಲ್ಲದೆ ಸುಮ್ಮನೆ ಆನ್ ಆಗಿದ್ದಾಗ ಸುಮಾರು 60ರಿಂದ 80 ವ್ಯಾಟ್ ಬಳಸುತ್ತದೆ. ಗೇಮಿಂಗ್‌ಗೆಂದು ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದರೆ ಇನ್ನೂ ಹೆಚ್ಚು. ಲ್ಯಾಪ್‌ಟಾಪ್ ಇದರ ಕಾಲು ಭಾಗದಷ್ಟು ಅಥವಾ ಇನ್ನೂ ಕಡಿಮೆ ಸಾಕು ಎನ್ನುತ್ತದೆ.

70 ವ್ಯಾಟ್ ಎಂದೇ ಇಟ್ಟುಕೊಳ್ಳೋಣ. ದಿನಕ್ಕೆ ನಾಲ್ಕು ಗಂಟೆ ಕೆಲಸ ಮಾಡಿ ಉಳಿದ 20 ಗಂಟೆ ಹಾಗೇ ಬಿಟ್ಟರೆ, ಬಳಸದೇ ಇದ್ದ ಹೊತ್ತಿಗೇ ದಿನಕ್ಕೆ 1.4 ಯೂನಿಟ್, ತಿಂಗಳಿಗೆ 42 ಯೂನಿಟ್. ಅದೇ 20 ಗಂಟೆ ಸ್ಲೀಪ್‌ನಲ್ಲಿದ್ದು 3 ವ್ಯಾಟ್ ಬಳಸಿದರೆ ತಿಂಗಳಿಗೆ ಎರಡು ಯೂನಿಟ್ ಕೂಡ ಆಗುವುದಿಲ್ಲ. ಉಳಿತಾಯ ಸುಮಾರು 40 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೂ ತಿಂಗಳಿಗೆ 240 ರೂಪಾಯಿ, ವರ್ಷಕ್ಕೆ ಸುಮಾರು 2,900 ರೂಪಾಯಿ.

ಕರ್ನಾಟಕದ ಮನೆಗಳಿಗೆ ಇಲ್ಲಿ ಇನ್ನೊಂದು ಲೆಕ್ಕವೂ ಇದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ವಿದ್ಯುತ್‌ಗೆ ಗರಿಷ್ಠ ಮಿತಿ 200 ಯೂನಿಟ್. ತಿಂಗಳ ಬಳಕೆ ಅದನ್ನು ದಾಟಿದರೆ ಹೆಚ್ಚಾದ ಯೂನಿಟ್‌ಗಳಿಗೆ ಮಾತ್ರವಲ್ಲ, ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. 165 ಯೂನಿಟ್ ಬಳಸುವ ಮನೆಗೆ ಈ 42 ಯೂನಿಟ್ ಸೇರಿದರೆ 207. ಅಂದರೆ ಯಾರೂ ಬಳಸದ ಕಂಪ್ಯೂಟರ್ ಒಂದೇ ಮನೆಯನ್ನು ಗೆರೆಯಾಚೆ ದೂಡಬಹುದು. 200ರ ಒಳಗೇ ಇದ್ದರೂ ನಿಮ್ಮ ಮನೆಗೆ ನಿಗದಿಯಾದ ಉಚಿತ ಮಿತಿಗಿಂತ ಹೆಚ್ಚು ಬಳಸಿದ ಯೂನಿಟ್‌ಗಳಿಗೆ ಹಣ ಕೊಡಬೇಕಾಗುತ್ತದೆ.

ಸ್ಲೀಪ್, ಹೈಬರ್ನೇಟ್, ಶಟ್‌ಡೌನ್: ವ್ಯತ್ಯಾಸವೇನು?

ಬಹಳ ಜನರಿಗೆ ಗೊಂದಲ ಇರುವುದು ಇಲ್ಲೇ.

*ಸ್ಲೀಪ್:* ನೀವು ತೆರೆದಿಟ್ಟ ಕಡತ, ಬ್ರೌಸರ್ ಎಲ್ಲವೂ ರ‍್ಯಾಮ್ ಎಂಬ ತಾತ್ಕಾಲಿಕ ನೆನಪಿನಲ್ಲಿ ಇರುತ್ತವೆ. ಸ್ಲೀಪ್‌ಗೆ ಹೋದಾಗ ಪ್ರೊಸೆಸರ್, ಡಿಸ್ಕ್, ಪರದೆ ಎಲ್ಲ ನಿಲ್ಲುತ್ತವೆ. ರ‍್ಯಾಮ್‌ಗೆ ಮಾತ್ರ ಸ್ವಲ್ಪ ವಿದ್ಯುತ್ ಹರಿಯುತ್ತಿರುತ್ತದೆ. ಹಾಗಾಗಿ ಕೀಬೋರ್ಡ್ ಮುಟ್ಟಿದ ಕೆಲವೇ ಸೆಕೆಂಡಿನಲ್ಲಿ ಕೆಲಸ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಖರ್ಚು ಸಾಮಾನ್ಯವಾಗಿ 1ರಿಂದ 5 ವ್ಯಾಟ್.

*ಹೈಬರ್ನೇಟ್:* ರ‍್ಯಾಮ್‌ನಲ್ಲಿರುವುದನ್ನೆಲ್ಲ ಡಿಸ್ಕ್‌ಗೆ ಬರೆದಿಟ್ಟು ಕಂಪ್ಯೂಟರ್ ಪೂರ್ತಿ ಆಫ್ ಆಗುತ್ತದೆ. ಮತ್ತೆ ಆನ್ ಮಾಡಿದಾಗ ಡಿಸ್ಕ್‌ನಿಂದ ಓದಿಕೊಂಡು ಅದೇ ಸ್ಥಿತಿಗೆ ಮರಳುತ್ತದೆ. ಏಳುವುದು ಸ್ಲೀಪ್‌ಗಿಂತ ತುಸು ನಿಧಾನ. ಆದರೆ ಪ್ಲಗ್ ಕಿತ್ತರೂ ಕೆಲಸ ಹೋಗುವುದಿಲ್ಲ.

*ಶಟ್‌ಡೌನ್:* ಎಲ್ಲ ಕಾರ್ಯಕ್ರಮಗಳು ಮುಚ್ಚುತ್ತವೆ, ಕಂಪ್ಯೂಟರ್ ಆಫ್ ಆಗುತ್ತದೆ. ಆಗಲೂ ಗೋಡೆಯ ಸ್ವಿಚ್ ಆನ್ ಇದ್ದರೆ ಡೆಸ್ಕ್‌ಟಾಪ್‌ನ ಪವರ್ ಸಪ್ಲೈ ಒಂದೆರಡು ವ್ಯಾಟ್ ಎಳೆಯುವುದುಂಟು.

ಇದರಲ್ಲಿ ನಮ್ಮ ಊರುಗಳಿಗೆ ಮುಖ್ಯವಾದ ಒಂದು ವಿಷಯವಿದೆ. ಸ್ಲೀಪ್‌ನಲ್ಲಿರುವ ಡೆಸ್ಕ್‌ಟಾಪ್‌ಗೆ ಕರೆಂಟ್ ಹೋದರೆ ರ‍್ಯಾಮ್ ಖಾಲಿಯಾಗುತ್ತದೆ. ಸೇವ್ ಮಾಡದೆ ಬಿಟ್ಟ ಪ್ರಾಜೆಕ್ಟ್ ವರದಿ, ಅಂಗಡಿಯ ಲೆಕ್ಕ, ಅರ್ಧ ತುಂಬಿದ ಅರ್ಜಿ ಎಲ್ಲವೂ ಹೋಗುತ್ತವೆ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇರುವುದರಿಂದ ಈ ಭಯ ಕಡಿಮೆ. ಡೆಸ್ಕ್‌ಟಾಪ್‌ಗೆ ಯುಪಿಎಸ್ ಇದ್ದರೂ ಅದರ ಬ್ಯಾಟರಿ ಹಳೆಯದಾಗಿದ್ದರೆ ನೆಚ್ಚಿಕೊಳ್ಳುವಂತಿಲ್ಲ. ಆದ್ದರಿಂದ ಆಗಾಗ ಕರೆಂಟ್ ಹೋಗುವ ಕಡೆ ಡೆಸ್ಕ್‌ಟಾಪ್ ಬಳಸುವವರು ಊಟ, ಕಾಫಿಯಂಥ ಚಿಕ್ಕ ಬಿಡುವಿಗೆ ಸ್ಲೀಪ್, ರಾತ್ರಿಗೆ ಹೈಬರ್ನೇಟ್ ಅಥವಾ ಶಟ್‌ಡೌನ್ ಎಂದು ಇಟ್ಟುಕೊಳ್ಳುವುದು ಒಳ್ಳೆಯದು. ಯಾವುದನ್ನು ಮಾಡಿದರೂ ಎದ್ದು ಹೋಗುವ ಮುನ್ನ ಸೇವ್ ಮಾಡುವ ಅಭ್ಯಾಸ ಇರಲಿ.

ನಂಬಿಕೆ 1: ಆನ್ ಮಾಡುವಾಗ ಗಂಟೆಗಟ್ಟಲೆ ಬಳಸುವಷ್ಟು ಕರೆಂಟ್ ಖರ್ಚಾಗುತ್ತದೆ

ತಪ್ಪು. ಸ್ವಿಚ್ ಒತ್ತಿದ ಕ್ಷಣದಲ್ಲಿ ಪವರ್ ಸಪ್ಲೈ ಹೆಚ್ಚು ಕರೆಂಟ್ ಎಳೆಯುವುದು ನಿಜ. ಆದರೆ ಅದು ಒಂದು ಸೆಕೆಂಡಿನ ಸಣ್ಣ ತುಣುಕಿನಷ್ಟು ಹೊತ್ತು ಮಾತ್ರ. ಮೀಟರ್ ಅಳೆಯುವುದು ಎಷ್ಟು ವ್ಯಾಟ್, ಎಷ್ಟು ಹೊತ್ತು ಎಂಬ ಎರಡನ್ನೂ ಸೇರಿಸಿ. ಕಂಪ್ಯೂಟರ್ ಶುರುವಾಗಲು ಪೂರ್ತಿ ಒಂದು ನಿಮಿಷ ಬೇಕು, ಆ ನಿಮಿಷವೆಲ್ಲ 120 ವ್ಯಾಟ್ ಬಳಸುತ್ತದೆ ಎಂದುಕೊಂಡರೂ ಖರ್ಚು 2 ವ್ಯಾಟ್-ಗಂಟೆ. 70 ವ್ಯಾಟ್‌ನಲ್ಲಿ ಸುಮ್ಮನೆ ಆನ್ ಇರುವ ಕಂಪ್ಯೂಟರ್ ಅಷ್ಟನ್ನು ಎರಡು ನಿಮಿಷದೊಳಗೇ ಮುಗಿಸುತ್ತದೆ. ಅಂದರೆ ಎರಡು ನಿಮಿಷಕ್ಕಿಂತ ಹೆಚ್ಚು ಬಿಡುವು ಇದ್ದರೆ ಆಫ್ ಮಾಡಿದವರಿಗೇ ಲಾಭ.

ನಂಬಿಕೆ 2: ಪದೇ ಪದೇ ಆಫ್ ಮಾಡಿದರೆ ಹಾರ್ಡ್ ಡಿಸ್ಕ್ ಹಾಳಾಗುತ್ತದೆ

ಈ ಮಾತಿಗೆ ಹಳೆಯ ಬೇರು ಇದೆ. 1980ರ ದಶಕದ ಹಲವು ಹಾರ್ಡ್ ಡಿಸ್ಕ್‌ಗಳಲ್ಲಿ ಆಫ್ ಮಾಡುವ ಮುನ್ನ ಓದುವ ತಲೆಯನ್ನು ಸುರಕ್ಷಿತ ಜಾಗಕ್ಕೆ ಸರಿಸಲು ಪ್ರತ್ಯೇಕ ಆದೇಶ ಕೊಡಬೇಕಿತ್ತು. ಇಂದಿನ ಡಿಸ್ಕ್‌ಗಳು ಅದನ್ನು ತಾವೇ ಮಾಡಿಕೊಳ್ಳುತ್ತವೆ. ತಯಾರಕರು ತಮ್ಮ ವಿವರಪಟ್ಟಿಯಲ್ಲಿ ಸಾಮಾನ್ಯವಾಗಿ 50 ಸಾವಿರದಿಂದ ಕೆಲವು ಲಕ್ಷ ಬಾರಿಯವರೆಗೆ ಇಂಥ ನಿಲುಗಡೆಯನ್ನು ತಾಳುತ್ತದೆ ಎಂದು ನಮೂದಿಸುತ್ತಾರೆ. ದಿನಕ್ಕೆ ಐದು ಸಲ ಆಫ್ ಮಾಡಿದರೂ ಹತ್ತು ವರ್ಷಕ್ಕೆ ಆಗುವುದು 18,250 ಬಾರಿ. ಎಸ್‌ಎಸ್‌ಡಿ ಇರುವ ಕಂಪ್ಯೂಟರ್‌ನಲ್ಲಂತೂ ತಿರುಗುವ ಭಾಗವೇ ಇಲ್ಲ.

ನಿಜವಾಗಿ ಹಾನಿ ಮಾಡುವುದು ಶಟ್‌ಡೌನ್ ಮಾಡದೆ ನೇರವಾಗಿ ಗೋಡೆಯ ಸ್ವಿಚ್ ಆರಿಸುವುದು. ಆಗ ಡಿಸ್ಕ್‌ಗೆ ಬರೆಯುತ್ತಿದ್ದ ಮಾಹಿತಿ ಅರ್ಧಕ್ಕೆ ನಿಂತು ಕಡತಗಳು ಕೆಡಬಹುದು.

ನಂಬಿಕೆ 3: ಸ್ಕ್ರೀನ್ ಸೇವರ್ ಕರೆಂಟ್ ಉಳಿಸುತ್ತದೆ

ತಪ್ಪು. ಹೆಸರಿನಲ್ಲಿರುವ ‘ಸೇವರ್’ ಎಂಬ ಪದ ಕರೆಂಟ್‌ಗೆ ಸಂಬಂಧಿಸಿದ್ದಲ್ಲ, ಪರದೆಗೆ ಸಂಬಂಧಿಸಿದ್ದು. ಹಳೆಯ ದಪ್ಪ ಪಿಕ್ಚರ್ ಟ್ಯೂಬ್ ಮಾನಿಟರ್‌ಗಳಲ್ಲಿ ಒಂದೇ ಚಿತ್ರ ಗಂಟೆಗಟ್ಟಲೆ ನಿಂತರೆ ಅದರ ಗುರುತು ಪರದೆಯ ಮೇಲೆ ಶಾಶ್ವತವಾಗಿ ಉಳಿಯುತ್ತಿತ್ತು. ಅದನ್ನು ತಪ್ಪಿಸಲು ಚಲಿಸುವ ಚಿತ್ರ ಹಾಕುತ್ತಿದ್ದರು. ಈಗಿನ ಎಲ್‌ಸಿಡಿ ಮಾನಿಟರ್‌ಗೆ ಅದರ ಅಗತ್ಯ ಇಲ್ಲ. ಸ್ಕ್ರೀನ್ ಸೇವರ್ ಓಡುವಾಗ ಪರದೆಯೂ ಉರಿಯುತ್ತಿರುತ್ತದೆ, ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕೂಡ ದುಡಿಯುತ್ತಿರುತ್ತವೆ. ಅದನ್ನು ತೆಗೆದು, ಐದು ನಿಮಿಷಕ್ಕೆ ಪರದೆ ತಾನೇ ಆರುವಂತೆ ಮಾಡಿದರೆ ಮಾತ್ರ ಉಳಿತಾಯ.

ನಂಬಿಕೆ 4: ಕಪ್ಪು ವಾಲ್‌ಪೇಪರ್, ಡಾರ್ಕ್ ಮೋಡ್‌ನಿಂದ ಬಿಲ್ ಇಳಿಯುತ್ತದೆ

ನಿಮ್ಮ ಪರದೆ ಯಾವ ಬಗೆಯದು ಎಂಬುದರ ಮೇಲೆ ಇದು ನಿಂತಿದೆ. ಎಲ್‌ಸಿಡಿ ಪರದೆಯ ಹಿಂದೆ ಒಂದು ದೀಪ ಸದಾ ಉರಿಯುತ್ತಿರುತ್ತದೆ. ಕಪ್ಪು ಬಣ್ಣ ತೋರಿಸುವಾಗ ಆ ಬೆಳಕನ್ನು ಮುಂದೆ ತಡೆಯಲಾಗುತ್ತದೆ, ಹಿಂದಿನ ದೀಪ ಆರುವುದಿಲ್ಲ. ಹಾಗಾಗಿ ಮನೆಗಳಲ್ಲಿರುವ ಹೆಚ್ಚಿನ ಮಾನಿಟರ್‌ಗಳಲ್ಲಿ ಡಾರ್ಕ್ ಮೋಡ್‌ನಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗುವುದಿಲ್ಲ. ಓಎಲ್‌ಇಡಿ ಪರದೆಯಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುವುದರಿಂದ ಕಪ್ಪು ಎಂದರೆ ಅಲ್ಲಿ ದೀಪ ಆರಿದಂತೆ. ಅನೇಕ ಮೊಬೈಲ್‌ಗಳಲ್ಲಿ ಡಾರ್ಕ್ ಮೋಡ್ ಬ್ಯಾಟರಿ ಉಳಿಸುವುದು ಈ ಕಾರಣಕ್ಕೆ.

ಈ ನಂಬಿಕೆ ಹೊಸದೇನಲ್ಲ. ಗೂಗಲ್ ಪುಟ ಬಿಳಿಯ ಬದಲು ಕಪ್ಪಾದರೆ ಜಗತ್ತಿಗೆ ಭಾರೀ ವಿದ್ಯುತ್ ಉಳಿಯುತ್ತದೆ ಎಂಬ ಲೆಕ್ಕ 2007ರಲ್ಲಿ ಜಗತ್ತಿನಾದ್ಯಂತ ಓಡಾಡಿತು. ‘ಬ್ಲ್ಯಾಕಲ್’ ಎಂಬ ಕಪ್ಪು ಹುಡುಕಾಟದ ತಾಣವೂ ಹುಟ್ಟಿಕೊಂಡಿತು. ಎಲ್‌ಸಿಡಿ ಪರದೆಗಳಲ್ಲಿ ಇದರಿಂದ ಉಳಿತಾಯ ಆಗುವುದಿಲ್ಲ ಎಂದು ಅದೇ ವರ್ಷ ಗೂಗಲ್ ಸ್ಪಷ್ಟಪಡಿಸಿತ್ತು. ಎಲ್‌ಸಿಡಿಯಲ್ಲಿ ಕೆಲಸ ಮಾಡುವುದು ಬೇರೆಯೇ ಉಪಾಯ: ಬ್ರೈಟ್‌ನೆಸ್ ಇಳಿಸುವುದು. ಕೋಣೆಯ ಬೆಳಕಿಗೆ ಹೊಂದುವಷ್ಟಕ್ಕೆ ತಂದರೆ ಹಿಂದಿನ ದೀಪದ ಖರ್ಚೂ ಇಳಿಯುತ್ತದೆ, ಕಣ್ಣಿಗೂ ಹಿತ.

ನಂಬಿಕೆ 5: ಪವರ್ ಸೇವರ್ ಹಾಕಿದರೆ ಕಂಪ್ಯೂಟರ್ ನಿಧಾನವಾಗುತ್ತದೆ

ಅರ್ಧ ನಿಜ. ಪವರ್ ಸೇವರ್ ಪ್ರೊಸೆಸರ್‌ನ ವೇಗಕ್ಕೆ ಕಡಿವಾಣ ಹಾಕುತ್ತದೆ. ವಿಡಿಯೊ ಎಡಿಟಿಂಗ್, ದೊಡ್ಡ ಗೇಮ್‌ಗಳಲ್ಲಿ ಇದು ಗೊತ್ತಾಗುತ್ತದೆ. ಟೈಪಿಂಗ್, ಯೂಟ್ಯೂಬ್, ಆನ್‌ಲೈನ್ ತರಗತಿಗಳಲ್ಲಿ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ.

ಇದಕ್ಕೆ ಜೋಡಿಯಾಗಿ “ಹೈ ಪರ್ಫಾರ್ಮೆನ್ಸ್ ಹಾಕಿ, ಹಳೆಯ ಕಂಪ್ಯೂಟರ್ ರಾಕೆಟ್ ಆಗುತ್ತದೆ” ಎಂಬ ಸಲಹೆಯೂ ಓಡಾಡುತ್ತದೆ. ‘ಬ್ಯಾಲೆನ್ಸ್‌ಡ್’ ಎಂಬ ಆಯ್ಕೆಯಲ್ಲೇ ಪ್ರೊಸೆಸರ್ ಕೆಲಸ ಬಂದಾಗ ವೇಗ ಏರಿಸಿಕೊಳ್ಳುತ್ತದೆ, ಇಲ್ಲದಾಗ ಇಳಿಸಿಕೊಳ್ಳುತ್ತದೆ. ಹೆಚ್ಚಿನ ಮನೆಗಳಿಗೆ ಅದೇ ಸರಿಯಾದ ಆಯ್ಕೆ. ಕಂಪ್ಯೂಟರ್ ನಿಧಾನವಾಗಿರಲು ರ‍್ಯಾಮ್ ಸಾಲದಿರುವುದು ಅಥವಾ ಹಳೆಯ ಹಾರ್ಡ್ ಡಿಸ್ಕ್ ಕಾರಣವಾಗಿದ್ದರೆ ಪವರ್ ಸೆಟ್ಟಿಂಗ್ ಬದಲಿಸಿ ಪ್ರಯೋಜನವಿಲ್ಲ.

ನಂಬಿಕೆ 6: ಶಟ್‌ಡೌನ್ ಮಾಡಿ ಆನ್ ಮಾಡಿದರೆ ಎಲ್ಲ ಹೊಸದಾಗಿ ಶುರುವಾಗುತ್ತದೆ

ಇದು ಅನೇಕರಿಗೆ ಅಚ್ಚರಿ ತರುವ ವಿಷಯ. 2012ರಲ್ಲಿ ಬಂದ ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟಪ್’ ಎಂಬ ಸೌಲಭ್ಯ ಇದೆ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್‌ನ ಒಳಗಿನ ಮುಖ್ಯ ಭಾಗ ಡಿಸ್ಕ್‌ನಲ್ಲಿ ಉಳಿದು, ಮುಂದಿನ ಸಲ ಅಲ್ಲಿಂದಲೇ ಎದ್ದು ಬರುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ಪ್ರಿಂಟರ್ ಹಿಡಿಯುತ್ತಿಲ್ಲ, ವೈಫೈ ಸಿಗುತ್ತಿಲ್ಲ ಎಂಬ ತೊಂದರೆಗೆ ಶಟ್‌ಡೌನ್ ಅಲ್ಲ, ರೀಸ್ಟಾರ್ಟ್ ಮದ್ದು. ಯಾವಾಗಲೂ ಸ್ಲೀಪ್ ಬಳಸುವವರು ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡಿದರೆ ಅಪ್‌ಡೇಟ್‌ಗಳೂ ಪೂರ್ಣಗೊಳ್ಳುತ್ತವೆ.

ಹಾಗಾದರೆ ಏನು ಮಾಡಬೇಕು?

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ → ಸಿಸ್ಟಮ್ → ಪವರ್ ಎಂಬಲ್ಲಿಗೆ ಹೋಗಿ. ಲ್ಯಾಪ್‌ಟಾಪ್‌ನಲ್ಲಿ ಇದು ‘ಪವರ್ ಆ್ಯಂಡ್ ಬ್ಯಾಟರಿ’ ಎಂದಿರುತ್ತದೆ. ವಿಂಡೋಸ್ 10ರಲ್ಲಿ ‘ಪವರ್ ಆ್ಯಂಡ್ ಸ್ಲೀಪ್’. ಅಲ್ಲಿ ಎರಡು ಬೇರೆ ಬೇರೆ ಸಮಯ ಕೇಳುತ್ತದೆ. ಒಂದು ಪರದೆ ಯಾವಾಗ ಆರಬೇಕು, ಇನ್ನೊಂದು ಕಂಪ್ಯೂಟರ್ ಯಾವಾಗ ಸ್ಲೀಪ್‌ಗೆ ಹೋಗಬೇಕು. ಪರದೆ ಆರಿದ್ದನ್ನೇ ಸ್ಲೀಪ್ ಎಂದುಕೊಂಡು ಎರಡನೆಯದನ್ನು ‘ನೆವರ್’ ಎಂದು ಬಿಟ್ಟವರು ಬಹಳ ಮಂದಿ. ಪರದೆ ಕಪ್ಪಾಗಿದ್ದರೂ ಒಳಗೆ ಕಂಪ್ಯೂಟರ್ ಪೂರ್ತಿ ಎಚ್ಚರವಾಗಿಯೇ ಇರುತ್ತದೆ.

1. ಪರದೆಗೆ 5 ನಿಮಿಷ, ಸ್ಲೀಪ್‌ಗೆ 15ರಿಂದ 20 ನಿಮಿಷ ಇಡಿ.

2. ಪವರ್ ಮೋಡ್ ‘ಬ್ಯಾಲೆನ್ಸ್‌ಡ್’ ಇರಲಿ. ಹಗುರ ಕೆಲಸವೇ ಹೆಚ್ಚಾದರೆ ‘ಬೆಸ್ಟ್ ಪವರ್ ಎಫಿಶಿಯೆನ್ಸಿ’ ಆರಿಸಿ.

3. ಪವರ್ ಮೆನುವಿನಲ್ಲಿ ಹೈಬರ್ನೇಟ್ ಕಾಣದಿದ್ದರೆ ಕಂಟ್ರೋಲ್ ಪ್ಯಾನೆಲ್ → ಪವರ್ ಆಪ್ಷನ್ಸ್‌ಗೆ ಹೋಗಿ. ಪವರ್ ಬಟನ್‌ಗಳು ಏನು ಮಾಡಬೇಕು ಎಂದು ಆರಿಸುವ ಕೊಂಡಿ ಎಡಬದಿಯಲ್ಲಿದೆ. ಅದನ್ನು ತೆರೆದು, ಸದ್ಯ ಲಭ್ಯವಿಲ್ಲದ ಸೆಟ್ಟಿಂಗ್‌ಗಳನ್ನು ಬದಲಿಸುವ ಸಾಲನ್ನು ಒತ್ತಿ, ಹೈಬರ್ನೇಟ್ ಮುಂದೆ ಗುರುತು ಹಾಕಿ ಸೇವ್ ಮಾಡಿ.

4. ಎಚ್ಚರವಾದಾಗ ಪಾಸ್‌ವರ್ಡ್ ಅಥವಾ ಪಿನ್ ಕೇಳುವಂತೆ ಇಡಿ. ಸ್ಲೀಪ್‌ನಲ್ಲಿರುವ ಕಂಪ್ಯೂಟರ್ ಯಾರು ಮುಟ್ಟಿದರೂ ಏಳುತ್ತದೆ ಎಂಬುದು ನೆನಪಿರಲಿ.

ರಾತ್ರಿ ದೊಡ್ಡ ಡೌನ್‌ಲೋಡ್ ಇದ್ದರೆ ಆ ದಿನದ ಮಟ್ಟಿಗೆ ಸ್ಲೀಪ್ ಅನ್ನು ‘ನೆವರ್’ ಮಾಡಿ ಮಾನಿಟರ್ ಮಾತ್ರ ಆರಿಸಿ. ಮರುದಿನ ಹಿಂದಿನಂತೆ ಇಡುವುದನ್ನು ಮರೆಯಬೇಡಿ. ಆ್ಯಪಲ್‌ನ ಮ್ಯಾಕ್ ಬಳಸುವವರಿಗೆ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ‘ಎನರ್ಜಿ’ ಅಥವಾ ‘ಬ್ಯಾಟರಿ’ ಎಂಬ ವಿಭಾಗದಲ್ಲಿ, ಉಬುಂಟು ಬಳಸುವವರಿಗೆ ಸೆಟ್ಟಿಂಗ್ಸ್‌ನ ‘ಪವರ್’ ವಿಭಾಗದಲ್ಲಿ ಇಂಥವೇ ಆಯ್ಕೆಗಳು ಸಿಗುತ್ತವೆ.

ಮಲಗಿಸಿದ ಕಂಪ್ಯೂಟರ್ ತಾನೇ ಎದ್ದು ಕೂರುತ್ತದೆಯೇ?

ಸ್ಲೀಪ್ ಮಾಡಿ ಮಲಗಿದರೂ ಬೆಳಗ್ಗೆ ನೋಡಿದರೆ ಫ್ಯಾನ್ ತಿರುಗುತ್ತಿರುತ್ತದೆ. ಇದು ವೈರಸ್ ಎಂದು ಗಾಬರಿಯಾಗುವವರಿದ್ದಾರೆ. ಸಾಮಾನ್ಯವಾಗಿ ಕಾರಣ ಎರಡು. ಒಂದು, ಮೌಸ್. ಮೇಜು ಅಲುಗಾಡಿದರೂ ಮೌಸ್ ಸಂಕೇತ ಕಳಿಸಿ ಕಂಪ್ಯೂಟರ್ ಎಬ್ಬಿಸಬಹುದು. ಡಿವೈಸ್ ಮ್ಯಾನೇಜರ್‌ನಲ್ಲಿ ಮೌಸ್ ಹೆಸರಿನ ಮೇಲೆ ಎರಡು ಸಲ ಒತ್ತಿ, ಪವರ್ ಮ್ಯಾನೇಜ್‌ಮೆಂಟ್ ಎಂಬಲ್ಲಿ ಕಂಪ್ಯೂಟರ್ ಎಬ್ಬಿಸಲು ಅನುಮತಿ ಕೊಡುವ ಗುರುತನ್ನು ತೆಗೆಯಿರಿ. ಕೀಬೋರ್ಡ್‌ಗೆ ಅನುಮತಿ ಹಾಗೇ ಇರಲಿ. ಎರಡು, ವೇಕ್ ಟೈಮರ್. ಅಪ್‌ಡೇಟ್‌ನಂಥ ನಿಗದಿತ ಕೆಲಸಗಳು ಹೊತ್ತು ನೋಡಿ ಕಂಪ್ಯೂಟರ್ ಎಬ್ಬಿಸುತ್ತವೆ. ಪವರ್ ಆಪ್ಷನ್ಸ್‌ನ ಅಡ್ವಾನ್ಸ್‌ಡ್ ಸೆಟ್ಟಿಂಗ್‌ಗಳಲ್ಲಿ ಸ್ಲೀಪ್ ಅಡಿಯಲ್ಲಿ ಇದನ್ನು ನಿಲ್ಲಿಸಬಹುದು.

ಲ್ಯಾಪ್‌ಟಾಪ್ ಬಳಸುವವರು ಗಮನಿಸಿ

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅನೇಕವು ಸ್ಲೀಪ್‌ನಲ್ಲೂ ಮೊಬೈಲ್‌ನಂತೆ ಅರೆ ಎಚ್ಚರದಲ್ಲಿದ್ದು ಇಂಟರ್ನೆಟ್‌ಗೆ ಸಂಪರ್ಕ ಇಟ್ಟುಕೊಂಡಿರುತ್ತವೆ. ಮುಚ್ಚಳ ಮುಚ್ಚಿ ಬ್ಯಾಗ್‌ಗೆ ಹಾಕಿದ ಲ್ಯಾಪ್‌ಟಾಪ್ ಒಳಗೇ ಎದ್ದು ಕೆಲಸ ಶುರುಮಾಡಿದರೆ ಗಾಳಿಯಾಡದೆ ಬಿಸಿಯಾಗುತ್ತದೆ, ಬ್ಯಾಟರಿಯೂ ಇಳಿಯುತ್ತದೆ. ಬಸ್ಸಿನಲ್ಲಿ ದೂರ ಪ್ರಯಾಣ ಹೊರಟಾಗ ಹೈಬರ್ನೇಟ್ ಅಥವಾ ಶಟ್‌ಡೌನ್ ಮಾಡುವುದೇ ಕ್ಷೇಮ.

ಸದಾ ಚಾರ್ಜರ್‌ಗೆ ಸಿಕ್ಕಿಸಿಯೇ ಬಳಸುವವರು ತಯಾರಕರ ಆ್ಯಪ್‌ನಲ್ಲಿ ಚಾರ್ಜ್ ಅನ್ನು ಸುಮಾರು 80 ಪ್ರತಿಶತಕ್ಕೆ ನಿಲ್ಲಿಸುವ ಆಯ್ಕೆ ಇದೆಯೇ ನೋಡಿ. ಇದರಿಂದ ಕರೆಂಟ್ ಉಳಿಯುವುದು ಅಷ್ಟಕ್ಕಷ್ಟೇ. ಆದರೆ ಲಿಥಿಯಂ ಬ್ಯಾಟರಿಗೆ ಪೂರ್ತಿ ಚಾರ್ಜ್ ಮತ್ತು ಬಿಸಿ ಎರಡೂ ಸೇರಿದಾಗ ಆಯಸ್ಸು ಕುಗ್ಗುವುದರಿಂದ ಬ್ಯಾಟರಿ ಹೆಚ್ಚು ದಿನ ಬಾಳುತ್ತದೆ.

ಇವುಗಳಿಂದ ದೂರ ಇರಿ

“ಈ ಲಿಂಕ್ ಒತ್ತಿ, ಪವರ್ ಸೇವರ್ ಸಾಫ್ಟ್‌ವೇರ್ ಉಚಿತ” ಎಂಬ ಸಂದೇಶ ಬಂದರೆ ಒತ್ತಬೇಡಿ. ಮೇಲೆ ಹೇಳಿದ ಎಲ್ಲ ಆಯ್ಕೆಗಳೂ ಕಂಪ್ಯೂಟರ್‌ನಲ್ಲೇ ಇವೆ, ಹೊರಗಿನಿಂದ ಏನನ್ನೂ ಹಾಕಬೇಕಿಲ್ಲ. ಅಪರಿಚಿತ ಲಿಂಕ್‌ನಿಂದ ಇಳಿಸಿಕೊಂಡ ಸಾಫ್ಟ್‌ವೇರ್ ನಿಮ್ಮ ಪಾಸ್‌ವರ್ಡ್, ಬ್ಯಾಂಕ್ ವಿವರ ಕದಿಯುವ ಅಪಾಯವಿದೆ.

ಪ್ಲಗ್‌ಗೆ ಸಿಕ್ಕಿಸಿದರೆ ಸಾಕು, ಬಿಲ್ ಅರ್ಧ ಇಳಿಯುತ್ತದೆ ಎಂದು ಮಾರುವ ಪುಟ್ಟ ಪೆಟ್ಟಿಗೆಗಳೂ ಇವೆ. ಇವುಗಳ ಒಳಗೆ ಸಾಮಾನ್ಯವಾಗಿ ಇರುವುದು ಒಂದು ಕೆಪಾಸಿಟರ್. ಅದು ಪವರ್ ಫ್ಯಾಕ್ಟರ್ ಎಂಬುದನ್ನು ತುಸು ಸರಿಪಡಿಸಬಹುದು. ಆದರೆ ಮನೆಯ ಮೀಟರ್ ಲೆಕ್ಕ ಹಿಡಿಯುವುದು ಯೂನಿಟ್‌ಗಳನ್ನು. ಕೆಪಾಸಿಟರ್‌ನಿಂದ ಯೂನಿಟ್ ಕಡಿಮೆಯಾಗುವುದಿಲ್ಲ, ಹೋಗುವುದು ನಿಮ್ಮ ಹಣ ಮಾತ್ರ.

ಒಟ್ಟಾರೆ

ಬಳಸದ ಹೊತ್ತಿನಲ್ಲಿ ಕಂಪ್ಯೂಟರ್ ಆನ್ ಇರಿಸುವುದೇ ನಿಜವಾದ ನಷ್ಟ. ಅದನ್ನು ತಡೆಯಲು ಎರಡು ಸಮಯ ನಿಗದಿ ಮಾಡಿದರೆ ಸಾಕು, ಐದು ನಿಮಿಷದ ಕೆಲಸ. ಫಾರ್ವರ್ಡ್ ಮಾಡುವುದಿದ್ದರೆ ಈ ನಾಲ್ಕು ಸಾಲು ಮಾಡಿ:

• ಪರದೆ 5 ನಿಮಿಷಕ್ಕೆ ಆರಲಿ, ಕಂಪ್ಯೂಟರ್ 20 ನಿಮಿಷಕ್ಕೆ ಸ್ಲೀಪ್‌ಗೆ ಹೋಗಲಿ. ಸ್ಕ್ರೀನ್ ಸೇವರ್ ಬೇಡ.

• ಚಿಕ್ಕ ಬಿಡುವಿಗೆ ಸ್ಲೀಪ್, ರಾತ್ರಿಗೆ ಹೈಬರ್ನೇಟ್ ಅಥವಾ ಶಟ್‌ಡೌನ್. ಎದ್ದು ಹೋಗುವ ಮುನ್ನ ಸೇವ್ ಮಾಡಿ.

• ಶಟ್‌ಡೌನ್ ಮಾಡಿ, ಕಂಪ್ಯೂಟರ್ ಪೂರ್ತಿ ನಿಂತ ಮೇಲಷ್ಟೇ ಗೋಡೆಯ ಸ್ವಿಚ್ ಆರಿಸಿ.

• ಕರೆಂಟ್ ಉಳಿಸುವ ಸಾಫ್ಟ್‌ವೇರ್ ಎಂದು ಬಂದ ಲಿಂಕ್ ಒತ್ತಬೇಡಿ, ಬೇರೆಯವರಿಗೆ ಕಳಿಸಲೂ ಬೇಡಿ.